ರೊಟ್ಟಿ ಬಡಿಯುತ್ತ ಆಡಿದ ಮಾತು

ಮುನ್ನಿ, ಸೋನು, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತು. ನಿಮ್ಮ ಅಪ್ಪ ಓದಿ ಹೇಳಲಿ, ಇಲ್ಲವೇ ಮುಂದೆ ಎಂದಾದರೂ ನೀವೇ ಕಲಿತು ಓದಿರಿ. ಸಂಜೆ ಪ್ರಾರ್ಥನೆಯ ಹೊತ್ತಿಗೆ ಅಜ್ಜಿ ಅಡುಗೆಮನೆಯಿಂದ ಹಿಟ್ಟಿನ ಡಬ್ಬಿಯನ್ನೂ ರೊಟ್ಟಿ ಬಡಿಯುವ ಮಣೆಯನ್ನೂ ಹೊರಗಿನ ಹಾಲ್‌ಗೆ ಏಕೆ ತರುತ್ತಾಳೆ ಎಂದು ನೀವು ಕೇಳಿದ್ದಿರಿ. ಆಗ ನಕ್ಕು ಸುಮ್ಮನಾದೆ. ಬಾಯಿಬಿಟ್ಟು ಹೇಳುವುದು ನನಗೆ ಯಾವಾಗಲೂ ಕಷ್ಟ.

ನಾನು ಗದಗಿನ ಕಡೆಯ ಹಳ್ಳಿಯವಳು. ಏಳನೆಯ ಇಯತ್ತೆಯ ತನಕ ಊರ ಶಾಲೆಯಲ್ಲಿ ಓದಿದೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸುತ್ತಿದ್ದೆ. ಮದುವೆಯಾಗಿ ಮುಲುಂಡಿನಲ್ಲಿ ಸಾಲುಖೋಲಿಗಳ ಚಾಳಿಗೆ ಬಂದ ಮೇಲೆ ನಿಮ್ಮ ಅಜ್ಜನ ಬೆನ್ನಿನ ಹಿಂದೆ ನಿಂತೇ ಈ ಊರನ್ನು ನೋಡಿದೆ. ಅವರು ಕಾರ್ಖಾನೆಯಲ್ಲಿ ಫಿಟರ್, ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಹಿರಿಯರು. ಕಾರ್ಖಾನೆಯಲ್ಲಿ ಹಿಂದಿ, ಬಜಾರಿನಲ್ಲಿ ಮರಾಠಿ, ಮನೆಯಲ್ಲಿ ನಮ್ಮ ಕಡೆಯ ಮಾತು. ಆದರೆ ಸಂಜೆ ಚಾಪೆ ಹಾಸಿ ಮೊಣಕಾಲೂರಿದರೆಂದರೆ ಅವರ ಬಾಯಿಂದ ಬೇರೆಯೇ ಕನ್ನಡ ಹೊರಡುತ್ತಿತ್ತು. ಸಭಾಪಾಲಕರು ಪ್ರಸಂಗಪೀಠದಿಂದ ಆಡುವಂಥದು. ಆ ದನಿಗೆ ಪಕ್ಕದ ಖೋಲಿಯ ಮರಾಠಿ ಹೆಂಗಸು ತನ್ನ ಟೀವಿಯ ಸದ್ದು ತಗ್ಗಿಸುತ್ತಿದ್ದಳು. ನಾನು ತಲೆಯ ಮೇಲೆ ಸೆರಗು ಹೊದ್ದು ಕೊನೆಯಲ್ಲಿ ಆಮೆನ್ ಅನ್ನುತ್ತಿದ್ದೆ. ನನ್ನ ಪಾಲಿನ ಪ್ರಾರ್ಥನೆ ಅಷ್ಟೇ.

ದೇವರಿಗೆ ಆ ಕನ್ನಡವೇ ಸಲ್ಲುವುದೆಂದು ನಾನು ತಿಳಿದಿದ್ದೆ. ಹಳ್ಳಿಯ ಮಾತಿನಲ್ಲಿ ದೇವರನ್ನು ಕರೆಯುವುದು, ಮುಸುರೆ ಕೈಯಲ್ಲಿ ಬೈಬಲ್ ಮುಟ್ಟಿದಂತೆ. ಮಾಟುಂಗದಲ್ಲಿ ನಮ್ಮ ಹೆಂಗಸರ ಕೂಟ ಸೇರಿದಾಗ ಎಲ್ಲರೂ ಕೈ ಕೈ ಹಿಡಿದು ಸಾಲಾಗಿ ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸುವ ಪದ್ಧತಿ. ನನ್ನ ಸರದಿ ಬರುತ್ತಲೇ ಪಕ್ಕದವಳ ಕೈಯನ್ನು ಮೆಲ್ಲಗೆ ಒತ್ತುತ್ತಿದ್ದೆ. ಮುಂದಕ್ಕೆ ಹೋಗು ಎಂದು ಅದರ ಅರ್ಥ. ಅವಳು ನನ್ನನ್ನು ದಾಟಿಕೊಂಡು ಹೋಗುತ್ತಿದ್ದಳು. ಎಷ್ಟೋ ವರ್ಷ ಹೀಗೇ ನಡೆಯಿತು.

ಸೋನು, ನೀನು ಹುಟ್ಟುವ ಮುಂಚಿನ ಬೇಸಿಗೆಯಲ್ಲಿ ಅಜ್ಜನ ದನಿ ಒಡೆಯಿತು. ಮೊದಲು ಎ.ಸಿ. ಲೋಕಲ್ ಟ್ರೇನಿನ ಥಂಡಿ ಅಂದರು, ಆಮೇಲೆ ಚಾಳು ಬಿಟ್ಟು ನಾವು ಬಂದಿದ್ದ ಈ ಬಿಲ್ಡಿಂಗಿನ ಎದುರು ಅಗೆದ ರಸ್ತೆಯ ಧೂಳು ಅಂದರು. ಮಳೆ ಶುರುವಾಗುವ ಹೊತ್ತಿಗೆ ಉಸಿರಾಡಿದರೆ ಸೀಟಿ ಊದಿದಂತೆ ಕೇಳುತ್ತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಗೆ ಬಿಟ್ಟು ನೋಡಿದರು. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ನಿಮ್ಮ ಅಪ್ಪ ನನಗೆ ಕನ್ನಡದಲ್ಲಿ ಹೇಳುವಾಗ ನನ್ನ ಮುಖ ನೋಡಲಿಲ್ಲ. ಗಂಟಲಲ್ಲಿ ಗಂಟು ಬೆಳೆದಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಮಾಡಿ ಅಲ್ಲಿಂದ ಉಸಿರು. ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ. ತಡ ಮಾಡಿದರೆ ಉಸಿರಿನ ದಾರಿಯೇ ಮುಚ್ಚುತ್ತದೆ. ಬರುವ ಸೋಮವಾರಕ್ಕೆ ಬೆಡ್ ಇದೆ. ಬಾರದಿದ್ದರೆ ಅದು ಬೇರೆಯವರಿಗೆ.

ಅಜ್ಜ ಎದ್ದು ಹೊರಗೆ ನಡೆದುಬಿಟ್ಟರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ‘ನಾ ಹೋಗಂಗಿಲ್ಲ,’ ಅಂದರು.

‘ಪಪ್ಪಾ, ಜಿದ್ ಯಾಕ ಮಾಡತೀರಿ? ಡಾಕ್ಟರ್ ಸಾಫ್ ಹೇಳ್ಯಾರ,’ ಅಂದ ನಿಮ್ಮ ಅಪ್ಪ.

‘ದನಿ ಹೋದ ಮ್ಯಾಲ ಈ ಮನ್ಯಾಗ ಪ್ರಾರ್ಥನಾ ಯಾರು ಮಾಡಾವ್ರು?’

‘ನಾ ಮಾಡತೇನಿ.’

‘ನೀ ಮನಿ ಸೇರೂದ ಮಂದಿ ಮಲಗೂ ಹೊತ್ತಿಗೆ. ಲೋಕಲ್ ಬಾಗಲ್ದಾಗ ಜೋತಾಡಕೋತ ಮಾಡತೀಯೇನು?’ ಅಂದು ಅಜ್ಜ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಬೆರಳನ್ನು ನನ್ನ ಕಡೆ ತಿರುಗಿಸಿದರು. ‘ಇಕಿ ಮಾಡ್ಲಿ. ಇಕಿ ಬಾಯಿಬಿಟ್ಟು ಪ್ರಾರ್ಥನಾ ಮಾಡಿದ್ಳಂದ್ರ ನಾ ಆಸ್ಪತ್ರಿಗೆ ನಡೀತೇನಿ. ಇಲ್ಲಾಂದ್ರ ಇಲ್ಲ.’

ತಮಾಷೆ ಮಾಡುತ್ತಿದ್ದಾರೇನೋ ಎಂದು ಅವರ ಕಣ್ಣು ನೋಡಿದೆ. ತಮಾಷೆ ಇರಲಿಲ್ಲ. ಅವರಿಗೆ ಒಳಗೊಳಗೆ ಹೆದರಿಕೆಯಾಗಿತ್ತು. ಅದನ್ನು ಹೊತ್ತುಕೊಳ್ಳಲು ನನ್ನ ಬಾಯಿಯನ್ನು ಕೇಳುತ್ತಿದ್ದರು. ‘ಮಮ್ಮೀ, ಪ್ಲೀಸ್. ಎರಡ ಲೈನ್. ಬಸ್,’ ಅಂದ ನಿಮ್ಮ ಅಪ್ಪ. ಅವನಿಗೆ ಅದು ಎರಡು ಲೈನ್.

ಅಂದು ಸಂಜೆ ಚಾಪೆಯ ಮೇಲೆ ಕೂತೆ. ಸೆರಗು ಹೊದ್ದೆ. ಅಜ್ಜನ ಉಸಿರಿನ ಸೀಟಿ ಬಿಟ್ಟರೆ ಬೇರೆ ಸದ್ದಿಲ್ಲ. ಅವರು ಹೇಳುತ್ತಿದ್ದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಹುಡುಕಿದೆ. ‘ಕರುಣಾನಿಧಿಯಾದ ತಂದೆಯೇ’ ಎನ್ನುವವರೆಗೆ ಬಂತು, ಮುಂದೆ ಕತ್ತಲೆ. ತುಂಬ ಹೊತ್ತಿನ ಮೇಲೆ ‘ಆಮೆನ್’ ಅಂದು ಎದ್ದುಬಿಟ್ಟೆ.

‘ಬಾಲ ಬಂತು, ಎತ್ತು ಎಲ್ಲಿ?’ ಅಂದರು ಅಜ್ಜ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಒಬ್ಬಳೇ ಗಟ್ಟಿಮಾಡಿದ ಮಾತುಗಳು ಅವರ ಮುಂದೆ ಕೂತೊಡನೆ ಹಾರಿಹೋಗುತ್ತಿದ್ದವು. ಎರಡು ಮಾತು ಆಡಲಾಗದ್ದಕ್ಕೆ ಮನುಷ್ಯನನ್ನೇ ಕಳೆದುಕೊಳ್ಳುತ್ತೇನಲ್ಲ ಎಂದು ಬೆವೆತುಹೋಗುತ್ತಿದ್ದೆ. ಬೆವೆತಷ್ಟೂ ಬಾಯಿ ಕಟ್ಟುತ್ತಿತ್ತು.

ಭಾನುವಾರ ಆರಾಧನೆಯಲ್ಲಿ ಅಜ್ಜ ಎಂದಿನಂತೆ ಬೈಬಲ್ ಪಾಠ ಓದಲು ಎದ್ದು ನಿಂತರು. ಬರೀ ಗಾಳಿ ಬಂತು. ಮುಂದಿನ ಸಾಲಿನವರಿಗೂ ಕೇಳಲಿಲ್ಲ. ಇನ್ನೊಬ್ಬ ಹಿರಿಯರು ಮೆಲ್ಲಗೆ ಬಂದು ಪುಸ್ತಕ ತೆಗೆದುಕೊಂಡು ಓದಿದರು. ಮರಳಿ ಬರುವಾಗ ಟ್ರೇನಿನಲ್ಲಿ ಅಜ್ಜ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ಕೂತಿದ್ದರು. ನಾಳೆ ಸೋಮವಾರ.

ಸಂಜೆ ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ಕಲಸಿ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಬಡಿಯುವಾಗ ಮಾತಾಡಿಕೊಳ್ಳುವುದು ನನ್ನ ತವರಿನಿಂದ ಬಂದ ಅಭ್ಯಾಸ. ಅಂಗೈ ಬಡಿತದ ಸದ್ದಿನಲ್ಲಿ ಮಾತು ಯಾರಿಗೂ ಕೇಳುವುದಿಲ್ಲ. ಚಾಳಿನಲ್ಲಿದ್ದಾಗ ನೀರು ಬಾರದಿದ್ದರೆ, ನಿಮ್ಮ ಅಪ್ಪನಿಗೆ ಜ್ವರ ಬಂದರೆ, ಕಾರ್ಖಾನೆ ಬಾಗಿಲು ಹಾಕಿದಾಗ, ಎಲ್ಲ ರೊಟ್ಟಿಯ ಜೊತೆಗೇ ಆಡಿಕೊಂಡಿದ್ದೆ. ದೇವರಿಗೆ ಹೇಳುತ್ತಿದ್ದೆ ನಿಜ. ಆದರೆ ಅದು ಪ್ರಾರ್ಥನೆ ಎಂದು ನನಗೆ ಅನಿಸಿರಲಿಲ್ಲ. ಬರೀ ಗೊಣಗಾಟ ಅಂದುಕೊಂಡಿದ್ದೆ.

ಬಾಗಿಲಲ್ಲಿ ಸೀಟಿಯಂಥ ಉಸಿರು ಕೇಳಿತು. ಅಜ್ಜ ನಿಂತಿದ್ದರು.

‘ಇಷ್ಟು ವರ್ಷ ಆತು, ರೊಟ್ಟಿ ಬಡಿಯೂವಾಗ ಯಾರ ಕೂಡ ಮಾತಾಡತೀ?’

ನಾನು ಕೈ ನಿಲ್ಲಿಸಿದೆ. ‘ಕೇಳತದೇನು ನಿಮಗ?’

‘ಚಾಳಿನ ಗೋಡಿ ಎಷ್ಟು ದಪ್ಪ ಇತ್ತು? ಎಲ್ಲಾ ಕೇಳೇನಿ. ನನ್ನ ಬೈದದ್ದೂ ಕೇಳೇನಿ.’ ಅವರಿಗೆ ಉಸಿರು ಸಾಲದಾಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ‘ಅದನ್ನ ಹೊರಗ ತಂದು ಮಾತಾಡು. ಬ್ಯಾರೇದು ಬ್ಯಾಡ.’

ನಾನು ಮಣೆ ಎತ್ತಿಕೊಂಡೆ. ಹಿಟ್ಟು ನೆಲದ ಮೇಲೆಲ್ಲ ಚೆಲ್ಲಿತು. ಹಾಲ್‌ನಲ್ಲಿ ಚಾಪೆಯ ಪಕ್ಕಕ್ಕೆ ಮಣೆ ಇಟ್ಟು ಕೂತೆ. ಹಿಟ್ಟಿನ ಕೈಯಿಂದ ಸೆರಗು ಎಳೆದುಕೊಳ್ಳಲು ಆಗಲಿಲ್ಲ, ಬರಿತಲೆಯಲ್ಲೇ ಇದ್ದೆ. ಒಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದೆ. ಕಣ್ಣು ಮುಚ್ಚಲಿಲ್ಲ, ರೊಟ್ಟಿಯ ಅಂಚನ್ನೇ ನೋಡುತ್ತಿದ್ದೆ. ಅದು ಅಂಗೈಯಷ್ಟು ಅಗಲವಾದಾಗ ಮಾತು ಬಂತು.

‘ಯಪ್ಪಾ ದೇವರ, ಇವರು ದನಿ ಇದ್ದಾಗ ನಿನ್ನ ನಂಬಿದ್ರು. ಈಗ ದನಿ ಹೋಗತೈತಿ ಅಂದ್ರ ನಂಬಾಕ ವಲ್ಲೆ ಅಂತಾರ. ಮಳಿಗಾಲಕ್ಕ ನೀನು, ಬ್ಯಾಸಿಗಿಗೆ ಬ್ಯಾರೆ ದೇವರು ಅದಾನೇನು? ನನಗ ಛೊಲೊ ಮಾತು ಬರಂಗಿಲ್ಲ, ನಿನಗ ಗೊತ್ತೈತಿ. ನನಗೂ ಅಂಜಿಕಿ ಐತಿ. ನಾಳೆ ಕತ್ತರಿ ಹಾಕತಾರಂತ. ಉಳಿಸ್ತೀಯೋ ಕರಕೋತೀಯೋ ನನಗ ತಿಳಿಯಂಗಿಲ್ಲ. ಉಳಿಸು ಅಂತ ಕೇಳತೇನಿ. ಕರಕೊಂಡ್ರೂ ನಿನ್ನ ಬಿಟ್ಟು ನಾ ಎಲ್ಲಿ ಹೋಗ್ಲಿ? ನನಗ ಬ್ಯಾರೆ ಯಾರ ಅದಾರ? ಇವರ ಕೈ ಬಿಡಬ್ಯಾಡ. ಇಷ್ಟ.’

ರೊಟ್ಟಿ ಒಂದು ಕಡೆ ಹರಿದುಹೋಗಿತ್ತು. ತಲೆ ಎತ್ತಿದರೆ ನಿಮ್ಮ ಅಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹಾಲಿನ ಥೈಲಿ. ಯಾವಾಗ ಬಂದಿದ್ದನೋ ತಿಳಿಯದು. ಅಜ್ಜ ನನ್ನ ಕಡೆ ನೋಡಲಿಲ್ಲ. ಗಂಟಲನ್ನು ಕೈಯಿಂದ ಒತ್ತಿ ಹಿಡಿದು, ಇದ್ದಷ್ಟು ದನಿಯನ್ನೆಲ್ಲ ಕೂಡಿಸಿ, ‘ಆಮೆನ್’ ಅಂದರು. ಆಮೇಲೆ, ‘ಚೀಲ ತುಂಬು,’ ಅಂದರು.

ಮರುದಿನ ಆಪರೇಶನ್ ಥಿಯೇಟರಿನ ಹೊರಗೆ ಕೂತಾಗ ಮಳೆ ಸುರಿಯುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ನಿಮ್ಮ ಅಪ್ಪ ಎದ್ದು ನಿಲ್ಲುತ್ತಿದ್ದ, ಯಾರದೋ ಹೆಸರು ಕೂಗುತ್ತಿದ್ದರು, ಮತ್ತೆ ಕೂರುತ್ತಿದ್ದ. ಬಡಿಯಲು ಹಿಟ್ಟಿಲ್ಲದ ನನ್ನ ಕೈಗಳು ತೊಡೆಯ ಮೇಲೆ ತಾವೇ ಬಡಿಯುತ್ತಿದ್ದವು. ಭಯ ಹೋಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಭಯ ಇತ್ತು. ಆದರೆ ಅದನ್ನು ಯಾರ ಮುಂದೆ ಇಡಬೇಕೆಂದು ನನಗೆ ಗೊತ್ತಿತ್ತು. ಸಂಜೆಯ ಹೊತ್ತಿಗೆ ಡಾಕ್ಟರು ಬಂದು ನಿಮ್ಮ ಅಪ್ಪನ ಭುಜ ತಟ್ಟಿದರು.

ಅಲ್ಲಿಂದ ಮುಂದೆ ಪ್ರಾರ್ಥನೆ ನನ್ನದು, ಆಮೆನ್ ಅಜ್ಜನದು. ಬೆರಳ ಗೆಣ್ಣಿನಿಂದ ನೆಲದ ಮೇಲೆ ಎರಡು ಸಲ ಬಡಿಯುತ್ತಿದ್ದರು. ನಾನು ಉದ್ದ ಎಳೆದರೆ ನಡುವೆಯೇ ಬಡಿದು ಸಾಕು ಅನ್ನುತ್ತಿದ್ದರು. ಸೋನು, ನೀನು ಅವರ ದನಿ ಕೇಳಿಲ್ಲ, ಆ ಬಡಿತ ಮಾತ್ರ ಕೇಳಿದ್ದೀ.

ಕೆಲವು ಮಳೆಗಾಲ ಹೀಗೆ ಕಳೆದವು. ಆಮೇಲೆ ಒಂದು ಚಳಿಗಾಲದ ಸಂಜೆ ನನ್ನ ಮಾತು ಮುಗಿಯಿತು, ನೆಲ ಬಡಿದ ಸದ್ದು ಬರಲಿಲ್ಲ. ಗೋಡೆಗೆ ಒರಗಿ ಕೂತಂತೆಯೇ ಅವರು ಹೋಗಿದ್ದರು. ಕಾರಣ ಗಂಟಲಿನ ಗಂಟು ಅಲ್ಲ, ಎದೆ ನಿಂತಿತ್ತು. ಹರಿಯದ ರೊಟ್ಟಿಯೊಂದು ನನ್ನ ಕೈಯಲ್ಲಿತ್ತು.

ಮಣ್ಣು ಮಾಡಿ ಬಂದ ಸಂಜೆ ಮಣೆ ತರುವುದೋ ಬೇಡವೋ ಎಂದು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ದೇವರ ಮೇಲೆ ಸಿಟ್ಟು ಬಂದಿತ್ತು. ಆ ಸಿಟ್ಟನ್ನೇ ಹೇಳೋಣವೆಂದು ಕೊನೆಗೆ ತಂದೆ. ಹೇಳಿದೆ. ಮುಗಿದ ಮೇಲೆ, ಮುನ್ನಿ, ನೀನು ಬಗ್ಗಿ ನೆಲದ ಮೇಲೆ ಎರಡು ಸಲ ಬಡಿದೆ. ನಿನಗೆ ನೆನಪಿದೆಯೋ ಇಲ್ಲವೋ. ನನಗಿದೆ.

ನಿಮ್ಮ ಕನ್ನಡದಲ್ಲಿ ಅರ್ಧ ಹಿಂದಿ ಸೇರುತ್ತದೆಂದು ನೀವು ನಾಚುತ್ತೀರಿ. ದೇವರ ಮುಂದೆ ನಾಚಬೇಡಿ. ಈ ಹಾಳೆಗಳನ್ನು ಅಟ್ಟದ ಮೇಲೆ ಇಡಬೇಡಿ, ಮಳೆಯಲ್ಲಿ ಅಲ್ಲಿ ಸೋರುತ್ತದೆ. ಓದಲು ಬಾರದೆಂದು ರದ್ದಿವಾಲಾನಿಗೂ ಹಾಕಬೇಡಿ. ಹಿಟ್ಟಿನ ಹಳೆಯ ಡಬ್ಬಿ ಇದೆಯಲ್ಲ, ಅದರ ಮುಚ್ಚಳ ಬಿಗಿ. ಅದರಲ್ಲಿಡಿ.