ಸಾವಿಗೆ ಬಾರಿಸದ ಹಲಗಿ

ಕಳೆದ ತಿಂಗಳು ಬೈಲಹೊಂಗಲದಲ್ಲಿ ಒಂದು ಚಪ್ಪಲಿ ಅಂಗಡಿ ಸುಟ್ಟುಹೋಯಿತು. ವರದಿಗೆಂದು ಹೋದವನು ಟಿಪ್ಪಣಿ ಪುಸ್ತಕ ತೆರೆದೆ, ಬರೆಯಲಾಗಲಿಲ್ಲ. ಸುಟ್ಟ ತೊಗಲಿನ ಆ ವಾಸನೆಯನ್ನು ವರ್ಷಗಳ ಹಿಂದೆ ಯರಗಟ್ಟಿ ಹತ್ತಿರದ ಒಂದು ಹಳ್ಳಿಯಲ್ಲಿ ಉಸಿರಾಡಿದ್ದೆ. ಅಂದು ಸುಟ್ಟುಹೋಗಿದ್ದದ್ದು ತೊಗಲಿನ ಏಳು ಹಲಗಿ, ಐರ್ಲೆಂಡಿನ ಒಂದು ಡೋಲು.

ಹಲಗಿಗಳ ಒಡೆಯನನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಹೊಟ್ಟೆಪಾಡಿಗೆ ಗೋಡೆ ಕಟ್ಟುವ ಗೌಂಡಿ ಕೆಲಸ. ಅದೇ ಕೈ ಹಲಗಿ ಹಿಡಿದರೆ ಇಡೀ ಕೇರಿ ಹೊರಗೆ ಬರುತ್ತಿತ್ತು. ಊರಿನ ದೊಡ್ಡ ಮನೆಗಳಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಹಲಗಿ ಬಾರಿಸುವುದನ್ನು ತಲೆಮಾರುಗಳಿಂದ ಆ ಕೇರಿಯ ಮೇಲೆ ಹೊರಿಸಲಾಗಿತ್ತು. ಬುದ್ಧನ ದಾರಿ ಹಿಡಿದ ಮೇಲೆ ಕೇರಿಯವರು ಕೂತು ಮಾತಾಡಿ ಅದನ್ನು ಬಿಟ್ಟರು. ಕಾಕಾ ಎಲ್ಲರಿಗಿಂತ ಬಿಗಿ. ತಮ್ಮವರ ಸಾವಿಗೂ ಬಾರಿಸುತ್ತಿರಲಿಲ್ಲ. ಮದುವೆಗೆ ಬಾರಿಸುತ್ತಿದ್ದರು, ಹಬ್ಬಕ್ಕೆ ಬಾರಿಸುತ್ತಿದ್ದರು, ಕೆಲಸ ಸಿಗದ ದಿನ ಬೇಸರ ಕಳೆಯಲೂ ಬಾರಿಸುತ್ತಿದ್ದರು.

ಕಲಾ ವಿನಿಮಯ ಕಾರ್ಯಕ್ರಮದಲ್ಲಿ ಬೈಲಹೊಂಗಲದ ಕಾಲೇಜೊಂದಕ್ಕೆ ಐರ್ಲೆಂಡಿನ ವಾದ್ಯಗಾರ್ತಿಯೊಬ್ಬರು ಬಂದರು. ಅವರ ಡೋಲು ಕೂಡ ಕಟ್ಟಿಗೆಯ ಬಳೆಗೆ ಆಡಿನ ತೊಗಲು ಬಿಗಿದದ್ದೇ. ಹಲಗಿ ಕಲಿಯಲು ಎರಡು ವಾರ ದಿನಾ ಬಸ್ಸು ಹಿಡಿದು ಕಾಕಾನ ಮನೆಗೆ ಹೋದರು. ನಮ್ಮ ಒಣಹವೆಗೆ ಅವರ ಡೋಲಿನ ತೊಗಲು ಬಿರುಸಾಗುತ್ತಿತ್ತು, ಅಂಗೈಯಿಂದ ನೀರು ಸವರುತ್ತಿದ್ದರು. ಕಾಕಾ ತೊಗಲು ಬಿಗಿಯಾಗಲೆಂದು ಜೋಳದ ದಂಟಿನ ಉರಿಗೆ ಹಲಗಿ ಹಿಡಿದು ಕಾಯಿಸುತ್ತಿದ್ದರು.

“ಮೇಡಂ, ನೀವು ನೀರ ಹಚ್ತೀರಿ, ನಾ ಬೆಂಕಿಗೆ ಹಿಡೀತೇನಿ. ನಮ್ಮಿಬ್ಬರ ಸಂಸಾರ ನಡಿಯಂಗಿಲ್ಲ ಬಿಡ್ರಿ!”

ದುಭಾಷಿಯಾಗಿ ಕೂತಿದ್ದವಳು ಪಿಯುಸಿ ಓದುತ್ತಿದ್ದ ಕಾಕಾನ ಮಗಳು. “ಅಪ್ಪಾ, ಇದನ್ನ ನಾ ಇಂಗ್ಲಿಷಿನ್ಯಾಗ ಹೇಳಂಗಿಲ್ಲ ನೋಡು” ಎಂದು ಮುಖ ತಿರುಗಿಸಿದ್ದಳು.

ಕೊನೆಯ ದಿನ ಕಾಲೇಜಿನ ವೇದಿಕೆಯಲ್ಲಿ ಇಬ್ಬರೂ ಒಟ್ಟಿಗೆ ಬಾರಿಸಿದರು. ಹೋಗುವಾಗ ಆಕೆ ತನ್ನ ಡೋಲನ್ನು ಕಾಕಾನಿಗೇ ಕೊಟ್ಟು ಹೋದರು. ನಾನು ಚಿತ್ರಸಹಿತ ವರದಿ ಬರೆದೆ. ತಲೆಬರಹವೂ ನನ್ನದೇ: ‘ಕುಲಕಸುಬಿಗೆ ಮರಳಿದ ಹಲಗಿ ಕಲಾವಿದ’.

ಬೆಳಿಗ್ಗೆಯೇ ಕಾಕಾ ಫೋನ್ ಮಾಡಿದರು. “ಸರ, ನಾ ಎಲ್ಲಿ ಮರಳೇನ್ರಿ? ಬಿಟ್ಟಿದ್ದು ಬಿಟ್ಟಂಗ ಐತಿ. ಮೊನ್ನೆ ಬಾರಿಸಿದ್ದು ನನ್ನ ಖುಷಿಗೆ.”

“ಅದು ಪೇಪರಿನವರು ಬರಿಯೂ ರೀತಿ ಕಾಕಾ” ಎಂದೆ. ತಿದ್ದುಪಡಿ ಹಾಕಿಸಬಹುದಿತ್ತು. ಹಾಕಿಸಲಿಲ್ಲ.

ಐದನೆಯ ದಿನ ದೊಡ್ಡ ಮನೆಯೊಂದರ ಯಜಮಾನ ತೀರಿಕೊಂಡ. ಆ ಮನೆಯ ಇಬ್ಬರು ನನ್ನ ವರದಿ ಹಿಡಿದುಕೊಂಡೇ ಕಾಕಾನ ಬಾಗಿಲಿಗೆ ಬಂದರು. “ಪೇಪರಿನ್ಯಾಗ ಬಂದೈತಲ್ಲೋ, ಮತ್ತ ಸುರು ಮಾಡೀದಿ ಅಂತ. ಬಿಳೀ ಮಂದಿಗೆ ಬಾರಿಸ್ತಿ, ನಮ್ಮ ಹೆಣ ನಿನಗ ಹೊಲಸೇನು? ಏಳು, ಹಲಗಿ ತಗೋ.”

“ಬರೂದಿಲ್ರಿ” ಎಂದರು ಕಾಕಾ. ಅಷ್ಟೇ ಹೇಳಿದ್ದು.

ಮಣ್ಣು ಮುಗಿಸಿ ಮಧ್ಯಾಹ್ನ ಹತ್ತು-ಹನ್ನೆರಡು ಜನ ಬಂದರು. ಕಾಕಾನನ್ನು ಅಂಗಿ ಹಿಡಿದು ಬೀದಿಗೆ ಎಳೆದರು, ಬಿದ್ದವರನ್ನು ಒದ್ದರು. ಇಬ್ಬರು ಎದೆಯ ಮೇಲೆ ಕೂತರು. ಒಬ್ಬ ಅವರ ಬಲಗೈಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒತ್ತಿ ಹಿಡಿದ. ಇನ್ನೊಬ್ಬ ಗುದ್ದಲಿಯ ಕಾವಿನಿಂದ ಹೊಡೆದ, ಬೆರಳುಗಳ ಆಕಾರ ಹೋಗುವ ತನಕ. ಅಡ್ಡ ಬಂದ ಮಗಳ ತಲೆ ಒಡೆಯಿತು. ಆಮೇಲೆ ಹಲಗಿಗಳನ್ನೆಲ್ಲ ಹೊರಗೆ ಎಸೆದು ಸೀಮೆಎಣ್ಣೆ ಸುರಿದರು. ನಾನು ತಲುಪಿದಾಗ ಕಲ್ಲಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು, ಐರ್ಲೆಂಡಿನ ಡೋಲಿನ ಬಳೆ ಇನ್ನೂ ಹೊಗೆಯಾಡುತ್ತಿತ್ತು…

ಆಸ್ಪತ್ರೆಯಲ್ಲಿ ಕಾಕಾನ ಕೈ ಮೊಣಕೈ ತನಕ ಬ್ಯಾಂಡೇಜಿನಲ್ಲಿತ್ತು. ನನ್ನ ತಲೆಬರಹದ ಮಾತು ಅವರು ಎತ್ತಲಿಲ್ಲ.

“ಸರ, ಕೈ ಹೋತು ಅಂತಷ್ಟ ಬರೀಬ್ಯಾಡ್ರಿ. ಬರೂದಿಲ್ಲ ಅಂದ ಅಂತ ಬರೀರಿ.”

ಬರೆದು ಕಳಿಸಿದೆ. ಜಾಗ ಸಾಲದೆಂದು ಡೆಸ್ಕಿನಲ್ಲಿ ಆ ಸಾಲನ್ನೇ ತೆಗೆದರು. ಮೊಕದ್ದಮೆ ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಾವು ಏನೂ ನೋಡಿಲ್ಲ ಎಂದರು, ಆರೋಪಿಗಳೆಲ್ಲ ಬಿಡುಗಡೆಯಾದರು. ಕಾಕಾ ಮತ್ತೆ ಗೋಡೆ ಕಟ್ಟಲಿಲ್ಲ. ಆದರೆ ಐರ್ಲೆಂಡಿನ ವಾದ್ಯಗಾರ್ತಿ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿ ಹಲಗಿಯ ಪೆಟ್ಟುಗಳನ್ನು ಬಾರಿಸಿ ತೋರಿಸುತ್ತಿದ್ದರು. ಕಾಕಾ ಎಡಗೈಯಿಂದ ತೊಡೆ ತಟ್ಟುತ್ತ “ತಪ್ಪೈತಿ, ಇನ್ನೊಮ್ಮೆ” ಎನ್ನುತ್ತಿದ್ದರು. ಆಕೆ ಕಲಿತದ್ದನ್ನು ತಮ್ಮೂರಿನವರಿಗೆ ಕಲಿಸಿದರು.

ಹೋದ ಮಳೆಗಾಲ ಕಾಕಾ ತೀರಿಕೊಂಡರು. ಸುದ್ದಿ ತಿಳಿದ ಆಕೆ, ಕಾಕಾ ಕಲಿಸಿದ ಪೆಟ್ಟುಗಳನ್ನು ತನ್ನ ತಂಡ ಬಾರಿಸಿದ್ದನ್ನು ಅಂದೇ ಮಗಳ ಫೋನಿಗೆ ಕಳಿಸಿದರು. ವಾದ್ಯಗಾರ ಸತ್ತರೆ ಅವನೆದುರು ಬಾರಿಸಿ ಕಳಿಸುವುದು ತಮ್ಮಲ್ಲಿ ಗೌರವ, ದಯವಿಟ್ಟು ಕೇಳಿಸು ಎಂದು ಬರೆದಿದ್ದರು. ಮಗಳು ಈಗ ಸವದತ್ತಿಯಲ್ಲಿ ನರ್ಸ್. ಫೋನು ಹಿಡಿದು ಹೆಣದ ಪಕ್ಕ ಕೂತಳು.

ಕಾಕಾನ ಜೊತೆ ಹಲಗಿ ಬಾರಿಸಿದ್ದ ಕೇರಿಯ ಅಜ್ಜ ಹೇಳಿದರು: “ಹಚ್ಚವಾ. ಪಾಪ, ಅಷ್ಟು ದೂರಿಂದ ಕಳಿಸ್ಯಾರ.”

“ಬ್ಯಾಡ ಯಜ್ಜಾ. ಸಾವಿಗೆ ಬಾರಿಸೂದಿಲ್ಲ ಅಂತ ಕೈ ಕಳಕೊಂಡಾನ. ಅವನ ಸಾವಿಗೂ ಬ್ಯಾಡ.”

ಮೆರವಣಿಗೆ ಸದ್ದಿಲ್ಲದೆ ಹೋಯಿತು. ಹೆಜ್ಜೆಗಳು, ಯಾರದೋ ಕೆಮ್ಮು…

ಮೊನ್ನೆ ಆ ಕೇರಿಯಲ್ಲಿ ಒಂದು ಮದುವೆ. ನಾನೂ ಹೋಗಿದ್ದೆ. ಮಗಳು ಸ್ಪೀಕರಿಗೆ ಫೋನು ಜೋಡಿಸಿ ಐರ್ಲೆಂಡಿನಿಂದ ಬಂದಿದ್ದ ಆ ವಾದನವನ್ನೇ ಹಾಕಿದಳು. ಹುಡುಗಿಯರು ಕುಣಿದರು. ಅಜ್ಜ ಮಾತ್ರ ಹುಬ್ಬು ಗಂಟಿಕ್ಕಿದರು. “ನಡುವ ಒಂದು ಪೆಟ್ಟು ತಡಾ ಬೀಳ್ತೈತಿ.”

“ಹಂಗಾರ ಸರಿ ಯಾವುದು ತೋರ್ಸು ಯಜ್ಜಾ, ವಿಡಿಯೊ ಮಾಡಿ ಮೇಡಂಗೆ ಕಳಸ್ತೇನಿ” ಎಂದಳು ಮಗಳು.

ಅಜ್ಜ ಕುರ್ಚಿಯ ಕೈಯ ಮೇಲೆ ಬಾರಿಸತೊಡಗಿದರು. ನಡುವೆ ನಿಂತರು, ಮತ್ತೆ ಮೊದಲಿನಿಂದ ಹಿಡಿದರು, ಅಲ್ಲಿಯೇ ನಿಂತರು. ಎತ್ತಿದ ಬೆರಳುಗಳನ್ನು ಮೆಲ್ಲಗೆ ಮಡಚಿಕೊಂಡರು.

“ಅದು ನಿಮ್ಮಪ್ಪನ ಕೈಯಾಗ ಇತ್ತವಾ.”