ಭರಣಿ ಮೇಲಿನ ಕರಡಿ

ಅವಳ ಅಡುಗೆಕೋಣೆಯಲ್ಲಿ ನಲವತ್ತೊಂದು ಹಳೆಯ ಭರಣಿಗಳಿದ್ದವು. ಒಂದೂ ಖಾಲಿ ಇರಲಿಲ್ಲ. ಖಾಲಿ ಇದ್ದಿದ್ದರೆ ಆ ಮನೆಯಲ್ಲಿ ಉಳಿಯುತ್ತಲೂ ಇರಲಿಲ್ಲ. ಮದುವೆಯಾದ ವರ್ಷ ಗುಜರಿ ಅಂಗಡಿಯಿಂದ ಮೊದಲ ಭರಣಿ ತಂದಾಗ ಗಂಡ ಕೇಳಿದ್ದು ಒಂದೇ ಮಾತು: "ಇದು ಯಾವ ಕೆಲಸಕ್ಕೆ?" ಅವಳು ತಕ್ಷಣ ಅದಕ್ಕೆ ಉಪ್ಪು ಸುರಿದಳು. ಆಮೇಲೆ ಅದೇ ರೂಢಿಯಾಯಿತು. ಹೊಸ್ತಿಲು ದಾಟುವ ಮೊದಲೇ ಪ್ರತಿ ಭರಣಿಗೂ ಒಂದು ನೌಕರಿ ಗೊತ್ತಾಗಿರುತ್ತಿತ್ತು.

ಅವಳು ಹೊಲಿಗೆ ಅಂಗಡಿಯಲ್ಲಿ ಕಾಜ ಹಾಕುತ್ತಿದ್ದಳು. ಎಲ್ಲರಿಗೂ ಕಾಜದಕ್ಕ. ದಿನಕ್ಕೆ ಇನ್ನೂರು ಗುಂಡಿಗೆ ಇನ್ನೂರು ತೂತು, ಪ್ರತಿ ತೂತಿನ ಸುತ್ತ ಒತ್ತಾದ ದಾರ. ಸಂಜೆ ಬೆರಳು ಮರಗಟ್ಟಿದರೂ ಕಾಲು ಗುಜರಿ ಅಂಗಡಿಯ ಕಡೆಗೇ ತಿರುಗುತ್ತಿತ್ತು. ಭರಣಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳು ಮಡಚಿ ಬಾರಿಸುವಳು. ಗಟ್ಟಿಯದು ಗಂಟೆಯಂತೆ ದನಿ ಕೊಡುತ್ತಿತ್ತು, ಬಿರುಕು ಬಿಟ್ಟದ್ದು ಡಬ್ಬೆಂದು ಸುಮ್ಮನಾಗುತ್ತಿತ್ತು. ನಂತರ ತಳದ ಹತ್ತಿರ ಕುಂಬಾರನ ಹೆಬ್ಬೆಟ್ಟಿನ ಗುರುತು ಹುಡುಕುವಳು. ಸಿಕ್ಕರೆ ತನ್ನ ಹೆಬ್ಬೆಟ್ಟನ್ನು ಅದರಲ್ಲಿ ಇಟ್ಟು ಸ್ವಲ್ಪ ಹೊತ್ತು ನಿಲ್ಲುವಳು.

"ಮದುವೆಗೆ ಗಂಡು ನೋಡಿದ ಹಾಗೆ ನೋಡ್ತೀರಲ್ಲಕ್ಕ," ಎನ್ನುತ್ತಿದ್ದ ಗುಜರಿಯವ.

"ಗಂಡು ನೋಡಿದಾಗ ಬಾರಿಸೋಕೆ ಬಿಡಲಿಲ್ಲವಲ್ಲಪ್ಪ."

ಯಾವುದರಲ್ಲಿ ಏನಿದೆ ಎಂದು ತಿಳಿಯಲು ಮೊದಮೊದಲು ಚೀಟಿ ಅಂಟಿಸಿದ್ದಳು. ಒದ್ದೆ ಕೈ ತಾಗಿ ಅವು ಕಳಚಿ ಬಿದ್ದವು. ಆಗ ಬಣ್ಣದಲ್ಲಿ ಪ್ರಾಣಿಗಳನ್ನು ಬರೆದಳು. ಉಪ್ಪಿಗೆ ಮುಖ ಸಿಂಡರಿಸಿದ ಒಂಟೆ, ಊಟಕ್ಕೆ ಕೂತವರು ಉಪ್ಪು ಕಡಿಮೆ ಎಂದಾಗಿನ ಮುಖ ಅದು. ಸಕ್ಕರೆಗೆ ಹಲ್ಲುನೋವಿನಿಂದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ನೀರಾನೆ. ಅಡುಗೆ ಸೋಡಾಕ್ಕೆ ಹೊಟ್ಟೆಯುಬ್ಬಿದ ಕಪ್ಪೆ. ಬಚ್ಚಲ ಪಕ್ಕದ ಸಾಬೂನು ಪುಡಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಕರಡಿ. ಮೂವತ್ತು ವರ್ಷ ಆ ಭರಣಿಗಳ ಮುಚ್ಚಳವನ್ನು ಬೇರೆ ಯಾರ ಕೈಯೂ ತೆಗೆಯಲಿಲ್ಲ. ಆದ್ದರಿಂದ ಯಾವ ಪ್ರಾಣಿ ಏನು ಎಂದು ಯಾರೂ ಕೇಳಲಿಲ್ಲ.

ಒಂದು ದಿನ ಪರದೆ ಹೊಲಿಸಲು ಬಂದ ಮಕ್ಕಳ ಡಾಕ್ಟರು, ಕಾಜದಕ್ಕ ಚೂರು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದ ಮೇಕೆಯನ್ನು ನೋಡಿದರು. ಮೇಕೆ ಕನ್ನಡಕ ಹಾಕಿಕೊಂಡು ಅಳತೆ ಪಟ್ಟಿ ಮೇಯುತ್ತಿತ್ತು.

"ಹೊಸ ಆಸ್ಪತ್ರೆಯ ಲಸಿಕೆ ಕೋಣೆಗೆ ಹನ್ನೆರಡು ಪ್ರಾಣಿ ಬರೆದುಕೊಡ್ತೀರಾ? ಸೋಮವಾರ ಬೆಳಿಗ್ಗೆ ಬಾಗಿಲು ತೆಗೀಬೇಕು. ಮುಗಿದ್ರೆ ಮಹಡಿ ಮೇಲಿನ ವಾರ್ಡೂ ನಿಮಗೇ, ಅದು ಮೂರು ತಿಂಗಳ ಕೆಲಸ. ಮುಗೀದಿದ್ರೆ ಬಿಳಿ ಬಣ್ಣ ಹೊಡೆಸಿಬಿಡ್ತೀನಿ. ಅರ್ಧಂಬರ್ಧ ಪ್ರಾಣಿ ನೋಡಿದ್ರೆ ಮಕ್ಕಳು ಇನ್ನೂ ಹೆದರ್ತಾರೆ."

ಮೂರು ತಿಂಗಳು ಒಂದೂ ಕಾಜವಿಲ್ಲ. ಆ ಯೋಚನೆ ಹೊಕ್ಕ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿಗೆ ರಜೆ ಹೇಳಿದಳು. ಮನೆಯಲ್ಲಿ "ಒಂದು ವಾರ ಅಡುಗೆ ನೀವೇ ನೋಡ್ಕೊಳ್ಳಿ" ಎಂದಳು.

"ಅದೇನು ಮಹಾ," ಎಂದ ಗಂಡ. ಬಸ್ ಡಿಪೋದಲ್ಲಿ ಗುಮಾಸ್ತ. ನೂರಾರು ಬಸ್ಸುಗಳು ಹೊರಡುವ ಹೊತ್ತು ಅವನ ನಾಲಿಗೆಯ ತುದಿಯಲ್ಲಿತ್ತು.

ಮಂಗಳವಾರ ಅವಳು ಏಣಿ ಹತ್ತಿದಳು. ಸೂಜಿಮದ್ದಿಗೆ ಸಾಲು ನಿಂತ ಹನ್ನೆರಡು ಪ್ರಾಣಿಗಳು, ತನಗೆ ಹೆದರಿಕೆಯಿಲ್ಲ ಎಂದು ಒಂದೊಂದೂ ನಟಿಸುತ್ತಿವೆ. ಮೊಸಳೆ ಅಮ್ಮನ ಸೆರಗು ಹಿಡಿದುಕೊಂಡಿದೆ, ಹುಲಿ ಮೇಲೆ ನೋಡುತ್ತ ಸಿಳ್ಳೆ ಹಾಕುತ್ತಿದೆ. ಮೊಸಳೆಯ ಹಲ್ಲಿಗೆ ಬಣ್ಣ ತುಂಬುತ್ತಿರುವಾಗಲೇ ಫೋನ್ ಬಡಿದುಕೊಂಡಿತು.

"ಲೇ, ಉಪ್ಪು ಯಾವ ಪ್ರಾಣಿ?"

"ಒಂಟೆ."

"ಒಂಟೆ ಯಾಕೆ?"

"ಇಡ್ರೀ ಫೋನು."

ಹತ್ತು ನಿಮಿಷಕ್ಕೆ ಮತ್ತೆ, ಎರಡು ಒಂಟೆ ಇವೆಯಲ್ಲ ಎಂದು. ಒಂದು ಒಂಟೆಯಲ್ಲ, ಕತ್ತೆ. ಬುಧವಾರ ಏಳು ಕರೆ ಬಂದವು. ಪ್ರತಿ ಸಲವೂ ಏಣಿ ಇಳಿದು ಕೈ ಒರೆಸಿಕೊಂಡು ಮತ್ತೆ ಹತ್ತುವಷ್ಟರಲ್ಲಿ ಕುಂಚ ಗಟ್ಟಿಯಾಗುತ್ತಿತ್ತು. ಕರೆ ಬರದಿದ್ದಾಗಲೂ ಕಿವಿ ಅಲ್ಲೇ. ಕೈ ಹುಲಿಯ ಮೇಲೆ, ತಲೆ ಒಲೆಯ ಮೇಲೆ. ಗೆರೆ ಎರಡು ಸಲ ಸೊಟ್ಟಗಾಯಿತು.

ಶುಕ್ರವಾರ ಸಕ್ಕರೆಯ ಪ್ರಾಣಿ ಮರೆತುಹೋದಾಗ ಗಂಡ ಕೇಳದೆ ತಾನೇ ಬುದ್ಧಿ ಓಡಿಸಿದ. ಕರಡಿ ಎಂದರೆ ಜೇನು, ಜೇನು ಎಂದರೆ ಸಿಹಿ. ಕರಡಿಯ ಭರಣಿಯಿಂದ ಚಹಾಕ್ಕೆ ಎರಡೆರಡು ಚಮಚ ಹಾಕಿದ. ಟವೆಲ್ ಅವನ ಕಣ್ಣಿಗೆ ಬೀಳಲಿಲ್ಲ. ಲೋಟದಲ್ಲಿ ಚೆನ್ನಾಗಿ ನೊರೆ ಬಂದದ್ದನ್ನು ಕಂಡು ಖುಷಿಯಾಗಿ ತಾಯಿಗೂ ಕೊಟ್ಟ. ಮಂಡಿನೋವಿನಿಂದ ದಿನವಿಡೀ ಅಡುಗೆಕೋಣೆಯ ಬಾಗಿಲ ಕುರ್ಚಿಯಲ್ಲಿ ಕೂತಿರುವ ಆಕೆ ಲೋಟ ಪಕ್ಕಕ್ಕಿಟ್ಟು, "ನೀನು ಮೊದಲು ಕುಡಿ," ಎಂದಳು.

ಒಂದು ಗುಟುಕಿಗೆ ಅವನು ಬಚ್ಚಲಿಗೆ ಓಡಿದ. ಬಾಯಿ ತೊಳೆದು ಬಂದು, "ನಿನಗೆ ಗೊತ್ತಿತ್ತಾ ಅಮ್ಮ?" ಎಂದ.

"ಮೂವತ್ತು ವರ್ಷದಿಂದ ಇಲ್ಲೇ ಕೂತಿದೀನಲ್ಲೋ. ನಲವತ್ತೊಂದೂ ಗೊತ್ತು."

"ಮತ್ತೆ ಹೇಳೋದಲ್ವಾ?"

"ನೀನು ಕೇಳಿದ್ದು ಅವಳನ್ನ."

ತಾಯಿಯ ಮೇಲೆ ರೇಗಲಾಗದೆ ಅವನು ನೇರವಾಗಿ ಆಸ್ಪತ್ರೆಗೆ ಬಂದ. ಕೈಯಲ್ಲಿ ಹಾಳೆ, ಪೆನ್ನು. ಏಣಿಯ ಮೇಲೆ ಹೆಂಡತಿ ಜಿರಾಫೆಯ ಕಾಲು ಬರೆಯುತ್ತಿದ್ದಳು. ಕಾಲಿನ ಮೇಲೆ ಏನೂ ಇರಲಿಲ್ಲ. ಆಚೆಗೆ ಇನ್ನೂ ಮೂರು ಪ್ರಾಣಿಗಳ ಜಾಗ ಬರಿದಾಗಿತ್ತು.

"ಇಳಿ. ಇವತ್ತಿಗೆ ಸಾಕು. ಮನೇಲಿ ಊಟ ತಿಂಡಿ ಇಲ್ಲ, ನಾನು ಸಾಬೂನು ಕುಡಿದೆ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಭಯವೂ ಬಂತು. "ಅಮ್ಮ ಕುಡಿದ್ರಾ?"

"ಅವಳು ಯಾಕೆ ಕುಡೀತಾಳೆ. ಬರೋದಿಲ್ವಾ? ಹಾಗಾದ್ರೆ ಯಾವುದರಲ್ಲಿ ಏನಿದೆ ಅಂತ ಇದರಲ್ಲಿ ಬರೆದುಕೊಡು."

ಅವಳು ಕೆಳಗಿಳಿದು ಪೆನ್ನು ತೆಗೆದುಕೊಂಡಳು. ಒಂಟೆ, ಉಪ್ಪು. ನೀರಾನೆ, ಸಕ್ಕರೆ. ಕಪ್ಪೆ ಎಂದು ಬರೆದು ತಲೆಯೆತ್ತಿ ಕಿಟಕಿ ನೋಡಿದಳು. ಬಿಸಿಲು ಆಗಲೇ ಎದುರು ಗೋಡೆಯಿಂದ ಅರ್ಧ ಜಾರಿತ್ತು. ಇನ್ನೂ ಮೂವತ್ತೆಂಟು. ಒಂದೊಂದಕ್ಕೂ ಅವನು ಯಾಕೆ ಎಂದು ಕೇಳುತ್ತಾನೆ. ಅಷ್ಟರಲ್ಲಿ ಬೆಳಕು ಹೋಗುತ್ತದೆ, ಒಂದು ಪ್ರಾಣಿ ಹೋಗುತ್ತದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಮುಚ್ಚಳ ತೆಗೆದು ನೋಡಿ. ಗೊತ್ತಾಗದಿದ್ರೆ ಮೂಸಿ ನೋಡಿ. ಆಮೇಲೂ ಗೊತ್ತಾಗದಿದ್ರೆ ಅಮ್ಮನ್ನ ಕೇಳಿ."

"ಎಲ್ಲಾನೂ ಮೂಸ್ತಾ ಕೂರಲಾ?"

"ನಾನು ನಿಮ್ಮ ಮನೆಗೆ ಬಂದಾಗ ಹಾಗೇ ಕಲಿತದ್ದು. ಯಾರೂ ಹಾಳೆ ಕೊಡಲಿಲ್ಲ."

ಅವನು ಬೆಂಚಿನ ಮೇಲೆ ಕೂತ. ಗೋಡೆಯ ಹುಲಿಯನ್ನು ನೋಡಿದ. ಸಿಳ್ಳೆ ಹಾಕುವ ಬಾಯಿ ತನ್ನದರಂತಿದೆಯೇ ಎಂಬ ಅನುಮಾನ ಬಂದಿರಬೇಕು, ಎದ್ದು ಹೊರಟುಹೋದ. ಅವಳು ಫೋನನ್ನು ಬಣ್ಣದ ಬಟ್ಟೆಯಲ್ಲಿ ಸುತ್ತಿ ಬಕೆಟ್ಟಿನ ಹಿಂದೆ ಇಟ್ಟಳು. ಏಣಿ ಹತ್ತಿದರೂ ಕಿವಿ ಬಕೆಟ್ಟಿನ ಕಡೆಗೇ ಇತ್ತು. ಜಿರಾಫೆಯ ಮಚ್ಚೆಗಳು ಅಂಕುಡೊಂಕಾಗಿ ಬಿದ್ದವು. ಹೆದರಿದ ಜಿರಾಫೆಗೆ ಅದೇ ಸರಿ ಎನಿಸಿತು.

ಅಂದು ಮುಸ್ಸಂಜೆಗೆ ಮನೆ ಸೇರಿದಾಗ ಭರಣಿಗಳೆಲ್ಲ ನೆಲದ ಮೇಲೆ ಬಾಯಿ ಬಿಟ್ಟುಕೊಂಡಿದ್ದವು. ಮುಚ್ಚಳಗಳು ಒಂದು ಕಡೆ ರಾಶಿ. ಅತ್ತೆ ಕುರ್ಚಿಯಿಂದ ಕೋಲು ಚಾಚಿ ತೋರಿಸುತ್ತಿದ್ದಳು, ಮಗ ಬಗ್ಗಿ ಮೂಸುತ್ತಿದ್ದ. ಮುಚ್ಚಳಗಳನ್ನು ಹೊಂದಿಸಲು ಅವಳ ಬೆರಳು ತುಡಿದವು. ಹೊಂದಿಸಲಿಲ್ಲ.

"ಊಟ ಆಯ್ತಾ?" ಎಂದಳು.

"ಆಗುತ್ತೆ," ಎಂದಳು ಅತ್ತೆ. "ಉಪ್ಪಿನವರೆಗೂ ಬಂದಿದಾನೆ."

ಶನಿವಾರವೂ ಭಾನುವಾರವೂ ಕತ್ತಲಾಗುವವರೆಗೆ ಬರೆದಳು. ಕೊನೆಯ ಮೊಲದ ಕಿವಿ ಒಣಗಿರಲಿಲ್ಲ, ಸೋಮವಾರ ಡಾಕ್ಟರು ಬಾಗಿಲು ತೆಗೆದರು. ಮೊದಲು ಬಂದ ಮಗು ಮೊಸಳೆಯನ್ನು ನೋಡುತ್ತ ನಿಂತು ತೋಳು ಒಡ್ಡಿತು, ಸೂಜಿ ಚುಚ್ಚಿದ ಮೇಲೆಯೇ ಅತ್ತಿತು.

"ಮೇಲಿನ ವಾರ್ಡು ಯಾವಾಗಿನಿಂದ?" ಎಂದರು ಡಾಕ್ಟರು.

"ಮನೇಲಿ ಕೇಳಿ ಹೇಳ್ತೀನಿ ಡಾಕ್ಟ್ರೇ." ಮಾತು ತಾನಾಗಿಯೇ ಬಾಯಿಗೆ ಬಂದಿತ್ತು.

"ಕೇಳಿ ಹೇಳಿ," ಎಂದು ಅವರು ಒಳಗೆ ಹೋದರು.

ಕಾಜದಕ್ಕ ಮನೆಯ ಕಡೆ ಹೊರಡಬೇಕಿತ್ತು. ಮಹಡಿ ಹತ್ತಿದಳು. ಖಾಲಿ ವಾರ್ಡಿನ ಗೋಡೆಗೆ ಕೈ ಚಾಚಿ ಮೊಳ ಹಾಕುತ್ತ ಹೋದಳು. ಹದಿನೇಳು ಮೊಳ. ಒಂಬತ್ತನೆಯ ಮೊಳಕ್ಕೆ ಕಿಟಕಿ ಅಡ್ಡ ಬಂತು. ಅಲ್ಲಿ ಆನೆಯನ್ನು ಹೊರಗೆ ನಿಲ್ಲಿಸಿ ಸೊಂಡಿಲನ್ನಷ್ಟೇ ಒಳಗೆ ತರಬೇಕಾಗುತ್ತದೆ.