ರಕ್ತದಾಚೆ ಕಂಡ ಅಕ್ಷರ

ನಮ್ಮ ಬಯಾಲಜಿ ಮೇಷ್ಟ್ರ ಎಡಗೈ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಕಲ್ಲಾಗಿದ್ದವು. ತೊಂಬತ್ತರ ದಶಕದ ತುಮಕೂರಿನ ಕಾಲೇಜು. ಪ್ರತಿ ವರ್ಷ ತಮ್ಮದೇ ರಕ್ತ ತೆಗೆದು ಒಂದು ಪ್ರಯೋಗ ತೋರಿಸುವರು. ಒಂದು ಗಾಜಿನ ಕೊಳವೆಯಲ್ಲಿ ರಕ್ತದಷ್ಟೇ ಉಪ್ಪಿರುವ ನೀರು, ಇನ್ನೊಂದರಲ್ಲಿ ಬರೀ ನೀರು. ಎರಡಕ್ಕೂ ರಕ್ತದ ಹನಿ. ಹಿಂದೆ ಹಳೆಯ ಪೇಪರ್ ಹಿಡಿಯುವರು. ಉಪ್ಪುನೀರು ಕೆಂಪಗೆ ಮಬ್ಬು, ಆಚೆ ಏನೂ ಕಾಣದು. ಬರೀ ನೀರು ಮಾತ್ರ ನೋಡನೋಡುತ್ತ ತಿಳಿಯಾಗಿ, ಕೆಂಪಿನೊಳಗಿಂದ ಅಕ್ಷರಗಳು ಎದ್ದು ಬರುತ್ತಿದ್ದವು.

"ರಕ್ತದ ಕಣಗಳೊಳಕ್ಕೆ ನೀರು ನುಗ್ಗಿ ಊದಿ ಒಡೆದೋದ್ವು. ಸದ್ದು ಕೇಳಿಸ್ತೇನ್ರಯ್ಯಾ?" ಎಂದು ಕೊಳವೆಗೆ ಕಿವಿ ಕೊಡುವರು. ನಾವೂ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದೆವು. ಏನೂ ಕೇಳಿಸದಿದ್ದುದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ನಾನಾಗ ಚರ್ಚಾಸ್ಪರ್ಧೆಗಳ ಹುಲಿ. ಅಮೃತೂರಿನ ನಮ್ಮ ಮನೆಯಲ್ಲಿ, ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ ತಂಗಿಗೆ ಹುಟ್ಟಿದಾಗಿನಿಂದ ಕಣ್ಣು ಹಳದಿ. ಆ ವರ್ಷ ಎದ್ದು ನಿಲ್ಲಲೂ ಆಗದಷ್ಟು ಸುಸ್ತು. ಅವ್ವ ಗುಬ್ಬಿ ಕಡೆಯಿಂದ ಕಾಮಾಲೆ ಇಳಿಸುವವನನ್ನು ಕರೆಸಿದಳು. ಅವನು ತಂಗಿಯ ಅಂಗೈಗೆ ಏನೋ ಪುಡಿ ಸವರಿ ಸುಣ್ಣದ ತಿಳಿನೀರಲ್ಲಿ ತೊಳೆದ. ನೀರು ಹಳದಿಯಾಯಿತು. "ಇಳೀತು ನೋಡವ್ವ!" ಅಂದ. ಅದೇ ಪುಡಿ ನನ್ನ ಕೈಗೂ ಹಚ್ಚಿಸಿ ತೊಳೆಸಿದೆ. ಅದೂ ಹಳದಿ. "ನಂಗೂ ಕಾಮಾಲೆನಾ ಯಜಮಾನ್ರೇ?" ಅವನು ತನ್ನ ಗಂಟು ಕಟ್ಟಿಕೊಂಡು ಹೊರಟ.

ಮೇಷ್ಟ್ರಿಗೆ ಇದನ್ನು ಜಂಬದಿಂದ ಹೇಳಿದೆ. ಅವರು ನಗಲಿಲ್ಲ.

"ಮೋಸ ಹಿಡ್ದೆ, ಸರಿ. ಹುಡುಗಿ ಯಾಕೆ ಹಳದಿ ಅಂತ ಕೇಳಿದ್ಯೇನ್ಲಾ?"

"ಅದು ಬೇರೆ ಪ್ರಶ್ನೆ, ಸಾರ್."

"ಇರೋದೇ ಅದೊಂದು ಪ್ರಶ್ನೆ ಕಣೋ. ಕರ್ಕೊಂಡ್ ಬಾ."

ಕರೆತಂದೆ. ಈ ಸಲ ಎರಡೂ ಕೊಳವೆಗಳಲ್ಲಿ ಉಪ್ಪನ್ನು ಸ್ವಲ್ಪವೇ ಕಡಿಮೆ ಮಾಡಿದ್ದರು. ಒಂದರಲ್ಲಿ ನನ್ನ ರಕ್ತ, ಒಂದರಲ್ಲಿ ಅವಳದು, ಹಿಂದೆ ಅದೇ ಹಳೆಯ ಪೇಪರ್. ನನ್ನದು ಮಬ್ಬಾಗಿಯೇ ಉಳಿಯಿತು. ಅವಳದು ಮೆಲ್ಲಗೆ ತಿಳಿಯಾಗತೊಡಗಿತು.

"ಅಣ್ಣಾ, ಓದಕ್ ಬತ್ತದೆ ಕಣೋ!" ತಂಗಿ ನಕ್ಕಳು. "ಬಾ... ಡಿ... ಗೆ... ಬಾಡಿಗೆಗೆ ಮನೆ ಇದೆ." ತನ್ನ ರಕ್ತದ ಸಾವಿನಾಚೆ ಇದ್ದದ್ದನ್ನು ಆ ಮಗು ತಪ್ಪಿಲ್ಲದೆ ಓದುತ್ತಿತ್ತು.

ಮೇಷ್ಟ್ರು ಪೇಪರ್ ಮಡಚಿದರು. "ರಕ್ತದ ಕಣ ಚಪ್ಪಟೆ ಇರೋದು ಊದೋಕೆ ಜಾಗ ಇರ್ಲಿ ಅಂತ. ಇವಳದ್ದು ಮೊದ್ಲೇ ಗುಂಡಗಿರ್ಬೇಕು. ಮೈಯೊಳಗೂ ಒಡೀತಾ ಇರ್ತವೆ, ಅದೇ ಹಳದಿ. ನಡಿ ಆಸ್ಪತ್ರೆಗೆ."

ಡಾಕ್ಟರುಗಳು ಅದನ್ನೇ ಹೇಳಿದರು. ಹೊಟ್ಟೆಯ ಎಡಮಗ್ಗುಲಲ್ಲಿ ಕೂತು ಆ ಕಣಗಳನ್ನು ಹಿಡಿದು ಒಡೆಯುತ್ತಿದ್ದ ಗುಲ್ಮವನ್ನು ತೆಗೆದರು. ಆಪರೇಷನ್ ಮುಗಿಯುವವರೆಗೂ ಮೇಷ್ಟ್ರು ಬಾಗಿಲ ಬಳಿಯಿಂದ ಕದಲಲಿಲ್ಲ. ತಂಗಿ ಚೇತರಿಸಿಕೊಂಡಂತೆ ಕಣ್ಣು ಬೆಳ್ಳಗಾದವು. ಅವ್ವ ಹೆದರಿದಳು. "ಯಾರ್ದೋ ಕಣ್ಣು ಕಣಪ್ಪಾ ಇವು," ಎಂದು ಕೆಲವು ದಿನ ಮಗಳನ್ನು ನೆಟ್ಟಗೆ ನೋಡಲೇ ಇಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಮೇಷ್ಟ್ರು ತೀರಿಕೊಂಡಾಗ ನಾನು ಎಲ್ಲೋ ಭಾಷಣ ಮಾಡುತ್ತಿದ್ದೆ. ಹೋಗಿ ಕೊನೆಯ ಸಲ ಅವರ ಮುಖ ನೋಡಿ ಬಂದವಳು ತಂಗಿ. ಈಗಲೂ ಜಗಳಕ್ಕೆ ನಿಂತರೆ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಾಳೆ. ಆ ಬಿಳೀ ಕಣ್ಣುಗಳೆದುರು ನಾನು ಒಂದು ವಾದವನ್ನೂ ಗೆದ್ದಿಲ್ಲ.